ಅವಧಿಗೆ ಮೊದಲೇ ವಿಶ್ರಾಂತಿ

ಕೊಟ್ಟೂರಿನ ಒಬ್ಬ ಉಪಾಧ್ಯಾಯರನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಹೆಸರು ಬೇಡ, ಅಂಥವರು ಕೂಡ್ಲಿಗಿಯಲ್ಲಿಯೂ ಇರಬಹುದು, ಹಡಗಲಿಯಲ್ಲಿಯೂ ಇರಬಹುದು. ವಯಸ್ಸು ಐವತ್ತೆರಡು, ಸೇವೆ ಇಪ್ಪತ್ತೇಳು ವರ್ಷ. ಬೆಳಗಿನ ಬಸ್ಸು ಹಿಡಿದು ದೂರದ ಹಳ್ಳಿಯ ಶಾಲೆಗೆ ಹೋಗಿಬರುವಷ್ಟರಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಊರ ಹೊರಗೆ ನೋಡುವವರಿಲ್ಲದ ನಾಲ್ಕೆಕರೆ ಹೊಲ. ಒಂದು ಸಂಜೆ, ಮೇಲಧಿಕಾರಿಗಳೊಡನೆ ಮಾತಿಗೆ ಮಾತು ಬೆಳೆದ ಬೇಸರದಲ್ಲಿ, ಅವರು ಬಿಳಿಯ ಹಾಳೆ ತೆಗೆದು ಒಂದೇ ಸಾಲು ಬರೆಯುತ್ತಾರೆ: "ನನ್ನ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದೇನೆ, ಅಂಗೀಕರಿಸಬೇಕು."

ಮನೆಯಾಕೆ ರೇಡಿಯೋದ ಸದ್ದು ತಗ್ಗಿಸಿ ಕೇಳುತ್ತಾರೆ: "ಏನ್ ಬರದೀರಿ ಅದರಾಗ? ಒಮ್ಮೆ ಓದ್ರಿ."

ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಭಾಷಣದ ಉದ್ದೇಶ. ಅವಧಿಗೆ ಮೊದಲೇ ನಿವೃತ್ತರಾಗುವುದು ತಪ್ಪಲ್ಲ. ಕಾನೂನು ಅದಕ್ಕೆ ಬಾಗಿಲು ತೆರೆದಿಟ್ಟಿದೆ. ಆದರೆ ಆ ಬಾಗಿಲಿನ ಪಕ್ಕದಲ್ಲಿಯೇ ಇನ್ನೊಂದು ಬಾಗಿಲುಂಟು. ನೋಡುವುದಕ್ಕೆ ಎರಡೂ ಒಂದೇ. ಒಂದರ ಮೇಲೆ "ಸ್ವಯಂ ನಿವೃತ್ತಿ" ಎಂದು ಬರೆದಿದೆ, ಇನ್ನೊಂದರ ಮೇಲೆ "ರಾಜೀನಾಮೆ" ಎಂದು. ಮೊದಲನೆಯದರಲ್ಲಿ ಹೋದವರಿಗೆ ವಿಶ್ರಾಂತಿ ವೇತನ ಹಿಂಬಾಲಿಸಿ ಬರುತ್ತದೆ. ಎರಡನೆಯದರಲ್ಲಿ ಹೋದವರ ಹಿಂದಿನ ಸೇವೆಯೆಲ್ಲ ನಷ್ಟವಾಗುತ್ತದೆ.

ಈ ಸೀಮೆಯ ಹಿರಿಯರಿಗೆ ಸರ್ಕಾರಗಳು ಬದಲಾಗುವುದು ಹೊಸತೇನಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1953ರ ಅಕ್ಟೋಬರ್ 1ರಂದು ಅವು ಮೈಸೂರಿಗೆ ಬಂದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ, ಬೇರೆ ಬೇರೆ ಆಡಳಿತಗಳಿಂದ ಬಂದ ನೌಕರರ ಗತಿಯೇನು ಎಂಬ ಪ್ರಶ್ನೆ ಎದ್ದಿತು. ರಾಜ್ಯಗಳ ಪುನರ್ವಿಂಗಡಣಾ ಕಾಯಿದೆಯ 115ನೆಯ ಪ್ರಕರಣ ಉತ್ತರ ಕೊಟ್ಟಿತು: ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಯಾವ ನೌಕರನ ಸೇವಾ ನಿಬಂಧನೆಗಳನ್ನೂ ಅವನಿಗೆ ಹಾನಿಯಾಗುವಂತೆ ಬದಲಾಯಿಸಕೂಡದು. 1958ರ ಮಾರ್ಚ್ 1ರಿಂದ ಎಲ್ಲರಿಗೂ ಒಂದೇ ಸೇವಾ ನಿಯಮಾವಳಿ ಜಾರಿಗೆ ಬಂತು. ಅನಂತರ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ನೆರೆಯ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಯಿತೆಂದು ಯಾರ ಸೇವೆಯ ಒಂದು ದಿನವೂ ಕಳೆದುಹೋಗಲಿಲ್ಲ. ನಕ್ಷೆ ಬದಲಾದರೂ ಅಳಿಯದ ಸೇವೆ, ಒಂದು ಪದ ತಪ್ಪಿದರೆ ಅಳಿದೀತು!

ಇದು ಹೆದರಿಸುವ ಮಾತಲ್ಲ. ದೆಹಲಿಯ ವಿದ್ಯುತ್ ಸಂಸ್ಥೆಯ ನೌಕರರೊಬ್ಬರು 1990ರಲ್ಲಿ ರಾಜೀನಾಮೆ ಕೊಟ್ಟರು. ತಮ್ಮದು ಇಪ್ಪತ್ತು ವರ್ಷದ ಸೇವೆ, ಅದನ್ನು ಸ್ವಯಂ ನಿವೃತ್ತಿಯೆಂದೇ ಎಣಿಸಬೇಕು ಎಂದು ಅವರು ವಾದಿಸಿದರು. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ, ಸೇವೆ ಎಷ್ಟೇ ವರ್ಷದ್ದಾಗಿರಲಿ, ರಾಜೀನಾಮೆ ಕೊಟ್ಟವರಿಗೆ ವಿಶ್ರಾಂತಿ ವೇತನವಿಲ್ಲ. ನಮ್ಮ ರಾಜ್ಯದ ನಿಯಮಾವಳಿಯೂ ಇದೇ ಮಾತನ್ನು ಹೇಳುತ್ತದೆ. ಅಪ್ಪಣೆ ಪಡೆದು ಸರ್ಕಾರದ ಇನ್ನೊಂದು ಹುದ್ದೆಗೆ ಹೋಗುವುದಕ್ಕಾಗಿ ಕೊಟ್ಟ ರಾಜೀನಾಮೆಯ ಸಂಗತಿ ಮಾತ್ರ ಬೇರೆ.

ಹಾಗಾದರೆ ಸರಿಯಾದ ದಾರಿ ಯಾವುದು? ರಾಜ್ಯ ಸರ್ಕಾರದ ನೌಕರರಿಗೆ ಸೇವಾ ನಿಯಮಾವಳಿಯ 285ನೆಯ ನಿಯಮವುಂಟು. ಹದಿನೈದು ವರ್ಷ ಅರ್ಹತಾದಾಯಕ ಸೇವೆ ಮುಗಿಸಿದವರು, ಇಲ್ಲವೆ ಐವತ್ತು ವರ್ಷ ವಯಸ್ಸಾದವರು, ಮೂರು ತಿಂಗಳ ನೋಟೀಸು ಕೊಟ್ಟು ನಿವೃತ್ತಿ ಕೋರಬಹುದು. ಅರ್ಹತಾದಾಯಕ ಸೇವೆ ಎಂಬ ಮಾತನ್ನು ಗಮನಿಸಿ. ಹಾಜರಿ ಪುಸ್ತಕದ ವರ್ಷಗಳೆಲ್ಲ ಅದರಲ್ಲಿ ಸೇರಲೇಬೇಕೆಂದಿಲ್ಲ. ಸಂಬಳವಿಲ್ಲದ ರಜೆ, ತೀರ್ಮಾನವಾಗದ ಅಮಾನತ್ತಿನ ದಿನಗಳು ಕೆಲವು ಸಂದರ್ಭಗಳಲ್ಲಿ ಲೆಕ್ಕದಿಂದ ಜಾರಿಹೋಗುತ್ತವೆ. ಸೇವೆ ಕುಗ್ಗಿದರೆ ವೇತನವೂ ಕುಗ್ಗುತ್ತದೆ. ಹತ್ತು ವರ್ಷವೂ ತುಂಬದಿದ್ದರೆ ತಿಂಗಳ ವಿಶ್ರಾಂತಿ ವೇತನವೇ ಇಲ್ಲ. ಆದುದರಿಂದ ನೋಟೀಸು ಬರೆಯುವ ಮುನ್ನ ನಿಮ್ಮ ಸೇವಾ ಪುಸ್ತಕವನ್ನು ತರಿಸಿ ಪುಟಪುಟವಾಗಿ ನೋಡಿರಿ.

ನೋಟೀಸು ಕೊಟ್ಟ ಮರುದಿನದಿಂದ ಮನೆಯಲ್ಲಿ ಕೂರಬೇಡಿ. ಆದೇಶ ಕೈಗೆ ಬರುವ ತನಕ ಕೆಲಸಕ್ಕೆ ಹೋಗುತ್ತಿರಬೇಕು. ಮನಸ್ಸು ತಿರುಗಿದರೆ, ನಿವೃತ್ತಿಯ ದಿನ ಬರುವುದಕ್ಕೆ ಮೊದಲೇ ನೋಟೀಸನ್ನು ಹಿಂತೆಗೆದುಕೊಳ್ಳಲು ಬರೆದುಕೊಳ್ಳಬೇಕು. ಸಕಾರಣವಾಗಿ ಹೀಗೆ ಕೇಳಿದವರಿಗೆ ಸುಮ್ಮನೆ ಇಲ್ಲವೆನ್ನಲಾಗದು ಎಂದು ಕೇಂದ್ರ ನೌಕರರೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1987ರಲ್ಲಿ ಹೇಳಿದೆ. ದಿನ ಕಳೆದ ಮೇಲೆ ಆ ಅವಕಾಶವಿಲ್ಲ.

ಇಷ್ಟಾದರೂ ನೆರೆಮನೆಯವರ ಲೆಕ್ಕ ನಿಮ್ಮ ಲೆಕ್ಕವಲ್ಲ. ಒಂದೇ ಬೀದಿಯ ನಾಲ್ಕು ಮನೆಗಳನ್ನು ನೋಡಿ. ಮೊದಲನೆಯದು ನಮ್ಮ ಉಪಾಧ್ಯಾಯರ ಮನೆ. 2006ರ ಏಪ್ರಿಲ್ 1ಕ್ಕೆ ಮೊದಲು ಸೇವೆಗೆ ಸೇರಿದವರಾದ್ದರಿಂದ ಅವರಿಗೆ ಹಳೆಯ ವಿಶ್ರಾಂತಿ ವೇತನವುಂಟು, ಅವರ ಅನಂತರ ಮನೆಯಾಕೆಗೆ ಕುಟುಂಬ ವೇತನವುಂಟು. ಎರಡನೆಯದು ತಾಲ್ಲೂಕು ಕಚೇರಿಯ ಗುಮಾಸ್ತರದು. ಅವರು ಸೇರಿದ್ದು ಆ ದಿನಾಂಕದ ಮೇಲೆ; ಅವರದು ವಂತಿಗೆಯ ಯೋಜನೆ. ಅವಧಿಗೆ ಮೊದಲೇ ಹೊರಬಂದರೆ ಕೂಡಿದ ಹಣದಲ್ಲಿ ಸಾಮಾನ್ಯವಾಗಿ ಶೇಕಡ 20 ಮಾತ್ರ ಕೈಗೆ. ಉಳಿದ ಶೇಕಡ 80ರಲ್ಲಿ ವರ್ಷಾಸನ ಕೊಳ್ಳಬೇಕು. 2006ರ ಏಪ್ರಿಲಿಗೆ ಮುನ್ನವೇ ಅಧಿಸೂಚನೆಯಾಗಿದ್ದ ಹುದ್ದೆಗೆ ತಡವಾಗಿ ಸೇರಿದವರಿಗೆ ಹಳೆಯ ಯೋಜನೆ ಆಯ್ದುಕೊಳ್ಳುವ ಅವಕಾಶವನ್ನು ಸರ್ಕಾರ 2024ರ ಜನವರಿಯಲ್ಲಿ ಕೊಟ್ಟಿತು. ಅಂಥವರು ತಮ್ಮ ಆಯ್ಕೆ ದಾಖಲಾಗಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಮೂರನೆಯದು ಬಸ್ ಕಂಡಕ್ಟರರ ಮನೆ. ನಿಗಮದ ನೌಕರರಿಗೆ ತಿಂಗಳ ಪಿಂಚಣಿ ಬರುವುದು ಭವಿಷ್ಯ ನಿಧಿಯ 1995ರ ಯೋಜನೆಯಿಂದ. ಅಲ್ಲಿ ಪೂರ್ಣ ಪಿಂಚಣಿಯ ವಯಸ್ಸು 58. ಹತ್ತು ವರ್ಷದ ಸೇವೆಯಿದ್ದರೆ 50ರಿಂದಲೇ ಕೇಳಬಹುದು. ಆದರೆ 58ಕ್ಕೆ ಕಡಿಮೆಯಾದ ಪ್ರತಿ ವರ್ಷಕ್ಕೆ ಶೇಕಡ 4ರಂತೆ ಕಡಿತ. 58 ತುಂಬಿದ ಮೇಲೂ ಆ ಕಡಿತ ಸರಿಹೋಗದು. ಕೆಲಸ ಬಿಟ್ಟರೂ ಪಿಂಚಣಿಯ ಅರ್ಜಿಯನ್ನು 58ರ ತನಕ ತಡೆದಿರಿಸಬಹುದೆಂಬುದು ಎಷ್ಟೋ ಮಂದಿಗೆ ತಿಳಿದೇ ಇಲ್ಲ.

ನಾಲ್ಕನೆಯದು ಅಂಚೆ ಕಚೇರಿಯವರ ಮನೆ. ಕೇಂದ್ರದ ನೌಕರರಿಗೆ ಸ್ವಯಂ ನಿವೃತ್ತಿಗೆ 20 ವರ್ಷದ ಸೇವೆ ಬೇಕು. 2025ರ ಏಪ್ರಿಲ್ 1ರಿಂದ ಬಂದ ಏಕೀಕೃತ ಯೋಜನೆಯನ್ನು ಆಯ್ದುಕೊಂಡವರು 25 ವರ್ಷ ಮುಗಿಸಿ ಹೊರಬಂದರೂ ತಿಂಗಳ ಹಣ ಒಡನೆಯೇ ಬಾರದು. ಸೇವೆಯಲ್ಲಿಯೇ ಇದ್ದಿದ್ದರೆ ಯಾವ ದಿನ ನಿವೃತ್ತರಾಗುತ್ತಿದ್ದರೋ ಆ ದಿನದಿಂದ ಬರುತ್ತದೆ. ನಡುವಿನ ವರ್ಷಗಳಲ್ಲಿ ಒಲೆ ಹೊತ್ತಿಸುವುದು ಹೇಗೆಂದು ಮೊದಲೇ ಯೋಚಿಸಬೇಕು.

ನಾವು ಬಿಡುವುದಿರಲಿ, ಸರ್ಕಾರವೇ ನಮ್ಮನ್ನು ಬಿಡಿಸಿದರೆ? ಐವತ್ತು ವರ್ಷ ವಯಸ್ಸಾದವರನ್ನು, ಇಲ್ಲವೆ 25 ವರ್ಷ ಸೇವೆ ಮುಗಿಸಿದವರನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಮೂರು ತಿಂಗಳ ನೋಟೀಸು ಕೊಟ್ಟು ನಿವೃತ್ತಿಗೊಳಿಸುವ ಅಧಿಕಾರವೂ ಅದೇ 285ನೆಯ ನಿಯಮದಲ್ಲಿದೆ. ಆದರೆ ಇದು ಶಿಕ್ಷೆಯಲ್ಲ, ಕಳಂಕವಲ್ಲ. ಗಳಿಸಿದ ವಿಶ್ರಾಂತಿ ವೇತನಕ್ಕೆ ಚ್ಯುತಿಯಿಲ್ಲ. ದುರುದ್ದೇಶದಿಂದ, ಅಥವಾ ಯಾವ ಆಧಾರವೂ ಇಲ್ಲದೆ ಹಾಗೆ ಮಾಡಿದ್ದಾದರೆ ನ್ಯಾಯಾಲಯ ಕೈಹಾಕಬಹುದೆಂದು 1992ರ ತೀರ್ಪೊಂದು ಸ್ಪಷ್ಟಪಡಿಸಿದೆ.

ಈ ರಕ್ಷಣೆಗಳೆಲ್ಲದರ ಬುಡದಲ್ಲಿ ಒಂದು ತತ್ತ್ವವಿದೆ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಸಾರಿತು: ವಿಶ್ರಾಂತಿ ವೇತನ ಧಣಿಯ ದಯೆಯಲ್ಲ, ಹಿಂದೆ ಸಲ್ಲಿಸಿದ ಸೇವೆಯ ಫಲ. ಅಂದಿನಿಂದ ಆ ದಿನವನ್ನು ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ. ಆದರೆ ಹಕ್ಕು ನಿಮ್ಮದಾದರೂ ಅದನ್ನು ಕಾಯ್ದುಕೊಳ್ಳುವ ಕಾಗದವನ್ನು ಬರೆಯುವ ಕೈಯೂ ನಿಮ್ಮದೇ.

ಕೊಟ್ಟೂರಿನ ಆ ಮನೆಗೆ ಮತ್ತೆ ಹೋಗೋಣ. ಹಾಳೆ ಇನ್ನೂ ಮೇಜಿನ ಮೇಲೆಯೇ ಇದೆ. ಕಚೇರಿ ತೆರೆಯುವುದು ನಾಳೆ ಬೆಳಿಗ್ಗೆ. ಅಷ್ಟರಲ್ಲಿ ಅದನ್ನು ಹರಿದುಹಾಕಬಹುದು. ನಾಲ್ಕು ದಿನ ಕಳೆದು, ಸೇವಾ ಪುಸ್ತಕ ನೋಡಿ, ಮಗಳ ಓದು, ತಾಯಿಯ ಔಷಧ, ಹೊಲದ ಆದಾಯ ಎಲ್ಲವನ್ನೂ ಮನೆಯಾಕೆಯೊಡನೆ ಕುಳಿತು ಲೆಕ್ಕ ಹಾಕಿ, ಆಮೇಲೂ ಬಿಡುವುದೇ ಸರಿ ಎನಿಸಿದರೆ ಹೊಸ ಹಾಳೆ ತೆಗೆದುಕೊಳ್ಳಲಿ. ಅದರಲ್ಲಿ "ರಾಜೀನಾಮೆ" ಎಂಬ ಪದ ಬೇಡ. "285ನೆಯ ನಿಯಮದ ಮೇರೆಗೆ ಸ್ವಯಂ ನಿವೃತ್ತಿ ಕೋರಿ ಮೂರು ತಿಂಗಳ ನೋಟೀಸು" ಎಂದಿರಲಿ. ಕೊಟ್ಟ ಕಾಗದದ ನಕಲಿನ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡು ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿರಿಸಲಿ. ಇಪ್ಪತ್ತೇಳು ವರ್ಷ ದುಡಿದವರಿಗೆ ನಾಲ್ಕು ದಿನದ ಯೋಚನೆ ಭಾರವಾಗಲಾರದು.