ಪರೀಕ್ಷೆಯ ಸಾಲ ಯಾರ ತಲೆ ಮೇಲೆ?

(ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾವು ಸೇರಿದಾಗಲೆಲ್ಲ ಸಾಲದ ಪಟ್ಟಿ ಮಾಡುತ್ತೇವೆ. ಗೊಬ್ಬರದ ಸಾಲ, ಬೋರ್‌ವೆಲ್ ಸಾಲ, ಮದುವೆ ಸಾಲ, ಆಸ್ಪತ್ರೆ ಸಾಲ. ಈಗ ಆ ಪಟ್ಟಿಗೆ ಇನ್ನೊಂದು ಬಾಬ್ತು ಸೇರಿದೆ. ಅದರ ಹೆಸರು ‘ಲಾಂಗ್ ಟರ್ಮ್’. ಸೊಸೈಟಿಯ ದೀರ್ಘಾವಧಿ ಸಾಲ ಅಂತ ತಿಳಿಯಬೇಡಿ. ಪಿಯುಸಿ ಮುಗಿಸಿದ ಮಗು ಡಾಕ್ಟರ್ ಸೀಟು ಸಿಗಲಿಲ್ಲವೆಂದು ಬೇರೆ ಕಾಲೇಜಿಗೂ ಸೇರದೆ, ಕೋಚಿಂಗ್ ಹಾಸ್ಟೆಲ್ಲಿನಲ್ಲಿ ಒಂದು ವರ್ಷ ಕೂತು ಮತ್ತೆ ನೀಟ್ ಪರೀಕ್ಷೆಗೆ ಓದುವುದಕ್ಕೆ ಆ ಹೆಸರು. ಪರೀಕ್ಷೆ ಮಗುವಿಗೆ, ಸಾಲ ಅಪ್ಪನಿಗೆ.

ನಾನು ಬಲ್ಲ ಒಬ್ಬ ರೈತರು ಎರಡು ಎಕರೆ ಖುಷ್ಕಿ ಭೋಗ್ಯಕ್ಕೆ ಹಾಕಿ ಮಗಳನ್ನು ಹೀಗೆ ಕಳಿಸಿದರು. ಸೀಟು ತಪ್ಪಿತು. ಎರಡನೇ ವರ್ಷಕ್ಕೆ ಕೈಸಾಲ ಮಾಡಿದರು. ‘ಯಾಕಣ್ಣ ಮತ್ತೊಂದು ಸಲ?’ ಅಂದೆ. ‘ಹೋದ ವರ್ಷ ಹಾಕಿದ ದುಡ್ಡು ದಂಡ ಆಗಬಾರದಲ್ಲಪ್ಪ’ ಅಂದ್ರು. ಇದು ಬೋರ್‌ವೆಲ್ ಕೊರೆಸುವವನ ಮಾತು. ನಾನೂರು ಅಡಿಗೆ ನೀರು ಬರಲಿಲ್ಲ, ಇನ್ನು ನೂರಡಿ ಹೋಗೋಣ ಅನ್ನೋ ಮಾತು. ನಮ್ಮಲ್ಲಿ ಯಾರು ಆಡಿಲ್ಲ ಹೇಳಿ?

ಇದಕ್ಕೆ ಮಗಳ ದಡ್ಡತನ ಕಾರಣವಲ್ಲ, ಅಪ್ಪನ ದುರಾಸೆಯೂ ಅಲ್ಲ. ಲೆಕ್ಕ ನೋಡಿ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಸರ್ಕಾರಿ ಕಾಲೇಜಿನ ಸೀಟು ಅದರಲ್ಲಿ ಅರ್ಧದ ಆಸುಪಾಸು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ ಇದ್ದದ್ದರಲ್ಲಿ 1 ಕಡಿತ, ಒಟ್ಟು 720. ಪಿಯುಸಿಯಲ್ಲಿ ಕನಿಷ್ಠ ಇಷ್ಟು ಅಂಕ ಇರಬೇಕೆಂಬ ನಿಯಮ ಬಿಟ್ಟರೆ, ರ‍್ಯಾಂಕಿಗೆ ಪಿಯುಸಿ ಅಂಕದ ಲೆಕ್ಕವೇ ಇಲ್ಲ. ಅಂದ್ರೆ ಸರ್ಕಾರಿ ಕಾಲೇಜಿನ ಮೇಷ್ಟ್ರು ಎರಡು ವರ್ಷ ಕಲಿಸಿದ್ದಕ್ಕೆ ಬೆಲೆ ಇಲ್ಲ. ಒಂದು ಮಧ್ಯಾಹ್ನದ ಪರೀಕ್ಷೆಗೆ ತಯಾರು ಮಾಡುವವನಿಗೆ ಬೆಲೆ. ಸರ್ಕಾರಿ ಕಾಲೇಜಿಗೆ ಬೀಗ ಹಾಕದೆಯೇ ಅದನ್ನು ಖಾಲಿ ಮಾಡುವ ಉಪಾಯ ಇದು.

ಪಕ್ಕದ ತಮಿಳುನಾಡು ಇದನ್ನು ಎಣಿಸಿ ನೋಡಿದೆ. ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ಅಲ್ಲಿ ವೈದ್ಯಕೀಯ ಸೀಟು ಪಡೆದವರಲ್ಲಿ ಹಿಂದಿನ ವರ್ಷ ಪಾಸಾಗಿ ಮತ್ತೆ ಪ್ರಯತ್ನ ಮಾಡಿದವರು 2016-17ರಲ್ಲಿ ಶೇ. 12ರಷ್ಟು. 2020-21ರಲ್ಲಿ ಶೇ. 71ರಷ್ಟು. ಇದರ ಅರ್ಥ ಏನು? ಒಂದು ವರ್ಷ ದುಡಿಮೆ ಇಲ್ಲದೆ ಮಗುವನ್ನು ಕೂರಿಸಿ ಫೀಸು ಕಟ್ಟುವ ತಾಕತ್ತು ಇದ್ದವನಿಗೆ ಸೀಟು. ಇದಕ್ಕೆ ಪ್ರತಿಭೆ ಅಂತ ಹೆಸರು!

ದುಡ್ಡು ಎಲ್ಲಿ ಹರಿಯುತ್ತದೋ ಅಲ್ಲಿಗೆ ಕಂಪನಿ ಬರುತ್ತದೆ. 2021ರಲ್ಲಿ ಬೈಜೂಸ್ ಕಂಪನಿ ಆಕಾಶ್ ಎಂಬ ಕೋಚಿಂಗ್ ಸಂಸ್ಥೆಯನ್ನು ಸುಮಾರು ನೂರು ಕೋಟಿ ಡಾಲರಿಗೆ ಕೊಂಡಿತು. ನಮ್ಮಂಥವರ ಮನೆಯ ಫೀಸೇ ಅಲ್ಲವೇ ಆ ಬೆಲೆ? ಮರುವರ್ಷ ಆಂಧ್ರ ಸರ್ಕಾರ ಅದೇ ಬೈಜೂಸ್ ಜೊತೆ ಒಪ್ಪಂದ ಮಾಡಿಕೊಂಡು, ಸರ್ಕಾರಿ ಶಾಲೆಯ ಮಕ್ಕಳ ಕೈಗೆ ಟ್ಯಾಬಿನಲ್ಲಿ ಅದರ ಪಾಠ ಕೊಟ್ಟಿತು. 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಆ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಶುರುಮಾಡಲು ಆದೇಶಿಸಿತು. ಕಂಪನಿ ಏಳಲಿ, ಬೀಳಲಿ, ಅದು ಅವರ ವ್ಯಾಪಾರ. ಸರ್ಕಾರಿ ಶಾಲೆಯ ಪಾಠವನ್ನು ಅದಕ್ಕೆ ಯಾಕೆ ಕಟ್ಟಿಹಾಕಬೇಕು? ಆನ್‌ಲೈನ್ ಪಾಠದ ಕೆಲವು ಕಂಪನಿಗಳು ಬಡ ಕುಟುಂಬಗಳ ಬ್ಯಾಂಕ್ ಖಾತೆಯಿಂದ ತಾನಾಗಿ ಕಂತು ಕಡಿತವಾಗುವಂತೆ ಮಾಡಿಕೊಳ್ಳುತ್ತಿವೆ, ಹುಷಾರಾಗಿರಿ ಅಂತ 2021ರ ಡಿಸೆಂಬರಿನಲ್ಲಿ ಕೇಂದ್ರ ಶಿಕ್ಷಣ ಇಲಾಖೆಯೇ ಎಚ್ಚರಿಸಿತ್ತು. ಎಚ್ಚರಿಸಿ ಸುಮ್ಮನಾದರೆ ಆಯಿತೇ?

ನೀವು ಕೇಳಬಹುದು: ಪರೀಕ್ಷೆ ಇಲ್ಲದಿದ್ದಾಗ ಕ್ಯಾಪಿಟೇಶನ್ ಫೀಸು ಕೊಟ್ಟವನಿಗೆ ಸೀಟು ಇತ್ತಲ್ಲ? ನ್ಯಾಯವಾದ ಪ್ರಶ್ನೆ. 1994ರಲ್ಲಿ ನಮ್ಮಲ್ಲಿ ಸಿಇಟಿ ಬಂದಾಗ ಎಷ್ಟೋ ಬಡವರ ಮಕ್ಕಳಿಗೆ ಬಾಗಿಲು ತೆರೆಯಿತು. ಹಳೆಯ ಕಾಲಕ್ಕೆ ಹೋಗೋಣ ಅಂತ ನಾನು ಹೇಳುತ್ತಿಲ್ಲ. ಆದರೆ ನೀಟ್ ದುಡ್ಡಿನ ದಾರಿ ಮುಚ್ಚಿಲ್ಲ. 2024ರಲ್ಲಿ ಅರ್ಹರೆನಿಸಿದವರೇ 13 ಲಕ್ಷ. ಕಡಿಮೆ ಅಂಕದವನೂ ಲಕ್ಷಗಟ್ಟಲೆ ಎಣಿಸಿದರೆ ಖಾಸಗಿ ಸೀಟು ಹಿಡಿಯುತ್ತಾನೆ. ಅವನಿಗಿಂತ ಹೆಚ್ಚು ತೆಗೆದ ರೈತನ ಮಗಳು ಮತ್ತೆ ಹಾಸ್ಟೆಲ್ಲಿಗೆ ಹೋಗುತ್ತಾಳೆ. ಅದೇ ವರ್ಷ ಪಾಟ್ನಾ ಮತ್ತು ಹಜಾರಿಬಾಗ್‌ನಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದನ್ನು ಸುಪ್ರೀಂ ಕೋರ್ಟೇ ಒಪ್ಪಿತು, ಆದರೆ ಪರೀಕ್ಷೆ ರದ್ದು ಮಾಡುವಷ್ಟು ವ್ಯಾಪಕವಲ್ಲ ಅಂದಿತು.

2024ರ ಜುಲೈನಲ್ಲಿ ನಮ್ಮ ವಿಧಾನಸಭೆಯೂ ನೀಟ್ ಬೇಡವೆಂದು ನಿರ್ಣಯ ಮಾಡಿತು. ಒಳ್ಳೆಯದು. ನಿರ್ಣಯದಿಂದ ಭೋಗ್ಯದ ಜಮೀನು ಬಿಡಿಸಿಕೊಳ್ಳೋಕಾಗುತ್ತಾ? ನಮ್ಮ ಒತ್ತಾಯ ಸ್ಪಷ್ಟವಾಗಿರಲಿ. ಒಂದು, ನಮ್ಮ ರಾಜ್ಯ ಇಂಜಿನಿಯರಿಂಗಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂದು ಮಾಡಿರುವಂತೆ ವೈದ್ಯಕೀಯಕ್ಕೂ ಕಾಲೇಜಿನ ಓದಿಗೆ ಬೆಲೆ ಬರಲಿ. ಎರಡು, ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಶೇ. 7.5 ಒಳಮೀಸಲಾತಿ ಕೊಟ್ಟಿತು, ಇಲ್ಲಿಯೂ ಕೊಡಲಿ. ಮೂರು, ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನದ ಉಪನ್ಯಾಸಕರ ಹುದ್ದೆ ಒಂದೂ ಖಾಲಿ ಇರಬಾರದು. ಊರಿಗೆ ಬರುವ ಶಾಸಕರನ್ನು ರಸ್ತೆ ಕೇಳುವಂತೆ ಇದನ್ನೂ ಕೇಳಿ.

ಕೊನೆಗೆ ಮನೆಯ ಮಾತು. ಪಹಣಿ ಹಿಡಿದು ಸಾಲಕ್ಕೆ ಹೊರಡುವ ಮುಂಚೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ‘ನಿನಗೆ ಇಷ್ಟ ಇದೆಯೇನವ್ವಾ? ಆಗದಿದ್ದರೂ ಚಿಂತೆ ಇಲ್ಲ.’ ಆ ರೈತರ ಮಗಳು ನನಗೆ ಹೇಳಿದ್ದು ಇಷ್ಟೇ: ‘ಪ್ರಶ್ನೆಪತ್ರಿಕೆ ತೆಗೆದರೆ ಅಪ್ಪನ ಹೊಲ ಕಾಣ್ತದೆ ಮಾವ.’ ಹದಿನೆಂಟು ವರ್ಷದ ಮಗುವಿನ ತಲೆ ಮೇಲೆ ಎರಡು ಎಕರೆ ಹೊರಿಸಿ ಪರೀಕ್ಷೆ ಬರಿ ಅಂದರೆ ಯಾವ ಮಗು ಬರೆದೀತು? ಬೆಳೆ ಹೋದರೆ ಇನ್ನೊಂದು ಮಳೆಗೆ ಬಿತ್ತುತ್ತೇವೆ. ಮಗುವಿಗೂ ಆ ಮಾತನ್ನು ಹೇಳಿ.