ನಿತ್ಯದ ಚಿತ್ರಗಳು

(ದೆಹಲಿಯ ಕನ್ನಡಿಗರ ವಿಜಯದಶಮಿ ಕೂಟದಲ್ಲಿ ಮಾಡಿದ ಭಾಷಣ)



ಶರದೃತುವಿನಲ್ಲಿ ಮನೆಮಂದಿಯ, ಗೆಳೆಯರ, ಗಿಡಮರಗಳ ಚಿತ್ರ ತೆಗೆಯುವುದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾವು ಹಿಂಜರಿದೆವು. ನಾವು ಛಾಯಾಗ್ರಹಣದಲ್ಲಿ ಪಳಗಿದವರಲ್ಲ. ನಮ್ಮ ಮನೆಯ ಚಿತ್ರಗಳು ಯಾವ ಪ್ರದರ್ಶನದ ಗೋಡೆಯನ್ನೂ ಕಂಡಿಲ್ಲ. ಆದರೂ ಒಪ್ಪಿಕೊಂಡೆವು. ನಾವು ಮಾಡಿದ ಒಂದು ತಪ್ಪನ್ನು ಇಲ್ಲಿರುವ ಇತರ ಸಂಸಾರಗಳು ಮಾಡದಿರಲಿ ಎಂಬುದೇ ಅದಕ್ಕೆ ಕಾರಣ. 'ನಾವು' ಎನ್ನುವುದು ದೊಡ್ಡಸ್ತಿಕೆಯ ಮಾತಲ್ಲ. ಆಡುವ ಬಾಯಿ ಒಂದಾದರೂ ಮಾತು ನಮ್ಮ ಮನೆಯ ಎಲ್ಲರದು; ಅಣ್ಣತಮ್ಮಂದಿರು, ಅಕ್ಕ, ಸೊಸೆಯರು, ಮಕ್ಕಳು ಕೂಡಿ ಕುಳಿತು ಆಡಿಕೊಂಡದ್ದು.

ಮೊದಲು ಋತುವಿನ ವಿಚಾರ. ನಮ್ಮ ಮಕ್ಕಳು ಶಾಲೆಯಿಂದ 'ಆಟಮ್' ಎಂಬ ಪಾಠ ಕಲಿತು ಬರುತ್ತಾರೆ. ಪುಸ್ತಕದಲ್ಲಿ ಕೆಂಪು ಹಳದಿ ಎಲೆಗಳು ಉದುರುತ್ತಿರುತ್ತವೆ. ಕಿಟಕಿಯಿಂದ ಹೊರಗೆ ನೋಡಿದರೆ ಬೇವು ಹಸಿರಾಗಿಯೇ ನಿಂತಿರುತ್ತದೆ. ದೆಹಲಿಯಲ್ಲಿ ಬೇವು, ಅರಳಿ ಎಲೆ ಉದುರಿಸುವುದು ಚಳಿ ಕಳೆದ ಮೇಲೆ, ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ. ನಮ್ಮ ಶರದೃತುವಿನ ಗುರುತುಗಳೇ ಬೇರೆ. ಆಶ್ವಯುಜ, ಕಾರ್ತಿಕ ಮಾಸಗಳು ಅದರ ಅವಧಿ. ಮಳೆ ಹಿಂದೆಗೆದು ಆಕಾಶ ತೊಳೆದಂತಾಗುತ್ತದೆ. ಯಮುನೆಯ ದಡದಲ್ಲಿ ಕಾಸದ ಹುಲ್ಲು ಬೆಳ್ಳಗೆ ತೆನೆಯೊಡೆಯುತ್ತದೆ. ಪಾರಿಜಾತ ರಾತ್ರಿ ಅರಳಿ ಬೆಳಕು ಹರಿಯುವ ಮುನ್ನ ಉದುರುತ್ತದೆ. ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ಓಡುವ ಕುಂಡೆಕುಸ್ಕ ಹಕ್ಕಿ ಉತ್ತರದಿಂದ ಬಂದು ಉದ್ಯಾನದ ಹುಲ್ಲಿನ ಮೇಲೆ ಕಾಣಿಸಿಕೊಳ್ಳುತ್ತದೆ.

ಇನ್ನು ಸಪ್ತಪರ್ಣಿ. ಈ ನಗರದ ಎಷ್ಟೋ ಬೀದಿಗಳಲ್ಲಿ ಅದನ್ನು ಸಾಲಾಗಿ ನೆಟ್ಟಿದ್ದಾರೆ. ಅಕ್ಟೋಬರ್ ಸಂಜೆ ಅದರ ಹೂವಿನ ಗಾಢವಾದ ವಾಸನೆ ಬೀದಿಯನ್ನೆಲ್ಲ ತುಂಬುತ್ತದೆ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ತಲೆನೋವು. ದಕ್ಷಿಣ ಕನ್ನಡದಿಂದ ಬಂದವರು ಈ ಮರವನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗಿಲ್ಲ. ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲಿ ತೊಗಟೆ ಕೆತ್ತಿ ತಂದು, ಕಹಿ ಕಷಾಯ ಮಾಡಿ, ಮೂಗು ಹಿಡಿದು ಕುಡಿಸುತ್ತಿದ್ದರಲ್ಲ, ಆ ಪಾಲೆಮರವೇ ಇದು. ಊರಿನಲ್ಲಿ ನಾಲಗೆಗೆ ಕಹಿಯಾದದ್ದು ಇಲ್ಲಿ ಮೂಗಿಗೆ ಘಮಘಮಿಸುತ್ತಿದೆ. ಇಂಥ ಮರದ ಕೆಳಗೆ ಮಗುವನ್ನು ನಿಲ್ಲಿಸಿ ಒಂದು ಚಿತ್ರ ತೆಗೆದು ಈ ಸಂಗತಿ ಹೇಳಿದರೆ, ಅದು ಬರಿಯ ಮರದ ಚಿತ್ರವಾಗಿ ಉಳಿಯುವುದಿಲ್ಲ.

ಚಿತ್ರ ತೆಗೆಯಲು ಈ ಋತು ಅನುಕೂಲವಾದದ್ದಕ್ಕೆ ಸೂರ್ಯನೂ ಕಾರಣ. ಜೂನ್ ತಿಂಗಳ ಕೊನೆಯಲ್ಲಿ ದೆಹಲಿಯ ನಡುಹಗಲಿನ ಸೂರ್ಯ ಸುಮಾರು 85 ಡಿಗ್ರಿ ಎತ್ತರದಲ್ಲಿ, ಹೆಚ್ಚು ಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಹುಬ್ಬಿನ ನೆರಳು ಕಣ್ಣಿಗೆ, ಮೂಗಿನ ನೆರಳು ತುಟಿಗೆ ಬಿದ್ದು ಎಂಥ ಚೆಲುವರೂ ಕಂಗೆಟ್ಟವರಂತೆ ಕಾಣುತ್ತಾರೆ. ನವೆಂಬರ್ 1ರ ಹೊತ್ತಿಗೆ ಅವನು ನಡುಹಗಲಿನಲ್ಲೂ ಸುಮಾರು 47 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಬೆಳಕು ಓರೆಯಾಗಿ ಬೀಳುತ್ತದೆ. ಮುಖದ ಉಬ್ಬುತಗ್ಗು, ಎಲೆಯ ನರ, ಗೋಡೆಯ ಬಿರುಕು ಎಲ್ಲವೂ ಎದ್ದು ಕಾಣುತ್ತವೆ. ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆಗಳಲ್ಲಿ ಬಿಸಿಲು ಹೆಚ್ಚು ದೂರದ ಗಾಳಿಯನ್ನು ಹಾದು ಬರಬೇಕು. ನೀಲಿ ಬೆಳಕು ದಾರಿಯಲ್ಲೇ ಚದುರಿ, ಹೊಂಬಣ್ಣದ್ದು ಮಾತ್ರ ನಮ್ಮವರೆಗೆ ತಲಪುತ್ತದೆ. ಆದರೆ ಈ ಭಾಗ್ಯಕ್ಕೆ ದೆಹಲಿಯಲ್ಲಿ ಅವಧಿ ಕಡಿಮೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಹೊಗೆಮಂಜು ಕವಿಯತೊಡಗುತ್ತದೆ. ಆದುದರಿಂದ ದಸರೆಯ ಆಸುಪಾಸಿನ ದಿನಗಳನ್ನು ಕಳೆದುಕೊಳ್ಳಬೇಡಿ.

ಹಿಂದಿನವರಿಗೆ ಇದು ಅನುಭವದಿಂದ ತಿಳಿದಿತ್ತು. ನಮ್ಮ ಮನೆಯಲ್ಲಿ ಇದ್ದದ್ದು ಆಗ್ಫಾ ಕ್ಲಿಕ್ 3 ಎಂಬ ಪೆಟ್ಟಿಗೆ ಕ್ಯಾಮೆರಾ. ಅದಕ್ಕೆ ಬಿಸಿಲು, ಮೋಡ ಎಂಬ ಗುರುತುಗಳಿದ್ದವು; ಅದಕ್ಕಿಂತ ಹೆಚ್ಚಿನ ಜಾಣತನ ಅದಕ್ಕೆ ಇರಲಿಲ್ಲ. ಒಂದು ರೀಲಿಗೆ ಹನ್ನೆರಡು ಚಿತ್ರ. ಮಳೆಗಾಲದಲ್ಲಿ ತೆಗೆದವು ಕಪ್ಪಾಗುತ್ತಿದ್ದವು. ಚಳಿಗಾಲದ ಮಂಜಿನಲ್ಲಿ ತೆಗೆದವು ಮಸುಕಾಗುತ್ತಿದ್ದವು. ಹೀಗಾಗಿ ನಮ್ಮ ಹಳೆಯ ಚಿತ್ರಗಳಲ್ಲಿ ಬಹುಪಾಲು ಶರತ್ಕಾಲದವೇ.

ಆ ಹನ್ನೆರಡು ಚಿತ್ರಗಳನ್ನು ನಾವು ಯಾವುದಕ್ಕೆ ಬಳಸಿದೆವು? ಇಲ್ಲಿಂದ ನಮ್ಮ ತಪ್ಪಿನ ಕಥೆ ಆರಂಭವಾಗುತ್ತದೆ.

1839ರಲ್ಲಿ ಪ್ಯಾರಿಸಿನ ಡಾಗೇರ್ ಎಂಬಾತನ ವಿಧಾನ ಲೋಕಕ್ಕೆ ಪ್ರಕಟವಾದಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಅಲುಗದೆ ಕೂರಲೇಬೇಕು. 1888ರಲ್ಲಿ ಈಸ್ಟ್‌ಮನ್ನನ ಕೊಡಾಕ್ ಪೆಟ್ಟಿಗೆ ಬಂತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ಗುಂಡಿ ಒತ್ತಿದರೆ ಚಿತ್ರ. ಅಲುಗದೆ ಕೂರುವ ಅಗತ್ಯ ಹೋಯಿತು, ಅಭ್ಯಾಸ ಮಾತ್ರ ಹೋಗಲಿಲ್ಲ. ಕ್ಯಾಮೆರಾ ಕಂಡೊಡನೆ ನಮ್ಮ ಮನೆಯಲ್ಲಿ ಸೀರೆ ಬದಲಾಗುತ್ತಿತ್ತು, ತಲೆ ಬಾಚಲಾಗುತ್ತಿತ್ತು, ಎಲ್ಲರೂ ಗೋಡೆಗೆ ಬೆನ್ನು ಹಾಕಿ ಸಾಲಾಗಿ ನಿಲ್ಲುತ್ತಿದ್ದರು. ಮದುವೆ, ಮುಂಜಿ, ನಾಮಕರಣ, ಊರಿಂದ ಬಂದ ನೆಂಟರೊಡನೆ ಕುತುಬ್ ಮಿನಾರು. ಇವಿಷ್ಟೇ ಚಿತ್ರಕ್ಕೆ ಯೋಗ್ಯವಾದ ಸಂಗತಿಗಳೆಂದು ನಾವು ತಿಳಿದಿದ್ದೆವು.

ನಮ್ಮ ಅಮ್ಮ ಮದುವೆಯಾಗಿ 1964ರಲ್ಲಿ ದೆಹಲಿಗೆ ಬಂದವರು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದರು. ಹಿಂದಿಯ ಒಂದಕ್ಷರ ಬಾರದೆ ಬಂದವರು ತರಕಾರಿ ಗಾಡಿಯವನೊಡನೆ ಚೌಕಾಸಿ ಮಾಡಿ ಹಿಂದಿ ಕಲಿತರು. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡಾಗ ಹಾರ ಹಾಕಲು ಒಂದು ಪಟ ಬೇಕಾಗಿ ಟ್ರಂಕನ್ನು ತೆರೆದೆವು. ನೂರಾರು ಚಿತ್ರಗಳು ಸಿಕ್ಕವು. ಅವುಗಳಲ್ಲಿ ಅಮ್ಮ ಎಲ್ಲಿದ್ದರು? ಸಾಲಿನ ಹಿಂದೆ, ಯಾರದೋ ಭುಜದ ಮರೆಯಲ್ಲಿ, ಕಣ್ಣು ಮುಚ್ಚಿಕೊಂಡು. ಮೂವತ್ತು ವರ್ಷ ಪ್ರತಿದಿನ ಮಾಡಿದ ಅಡಿಗೆ, ಬಿಡಿಸಿದ ರಂಗೋಲಿ, ಸಂಜೆ ಜಗುಲಿಯಲ್ಲಿ ಕುಳಿತು ಊರಿಗೆ ಬರೆದ ಇನ್‌ಲ್ಯಾಂಡ್ ಪತ್ರ, ಯಾವುದರ ಚಿತ್ರವೂ ಇರಲಿಲ್ಲ.

ಒಂದೇ ಒಂದು ಇತ್ತು. ಅದು ಆಲ್ಬಮಿನಲ್ಲಿ ಇರಲಿಲ್ಲ. ಸ್ಟುಡಿಯೋದವರು ಕೊಟ್ಟ ಹಳದಿ ಲಕೋಟೆಯೊಳಗೆ ನೆಗೆಟಿವ್‌ಗಳ ಜೊತೆ ಉಳಿದಿತ್ತು. ರೀಲು ತೊಳೆಯಲು ಕೊಡಬೇಕಾಗಿತ್ತು, ಒಂದು ಚಿತ್ರ ಬಾಕಿ ಇತ್ತು, ಅಪ್ಪ ರೀಲು ಮುಗಿಸಲೆಂದು ಅಂಗಳದ ಕಡೆ ತಿರುಗಿಸಿ ಗುಂಡಿ ಒತ್ತಿದ್ದರು. ಅಮ್ಮ ಮೆಟ್ಟಿಲಿನ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾರೆ. ಮನೆಯಲ್ಲಿ ಉಡುವ ಸೀರೆ, ಬಾಚದ ತಲೆ. ಕ್ಯಾಮೆರಾದ ಕಡೆ ನೋಡುತ್ತಿಲ್ಲ. ಯಾರ ಮಾತಿಗೋ ನಗುತ್ತಿದ್ದಾರೆ. "ಇದೇನು ಅವತಾರ, ಇದನ್ನು ಅಂಟಿಸಬೇಡಿ" ಎಂದು ಅವರೇ ಆಗ ತೆಗೆದಿಡಿಸಿದ್ದರಂತೆ. ಇಂದು ನಮ್ಮ ಎಲ್ಲರ ಮನೆಯಲ್ಲಿಯೂ ಅದರ ಪ್ರತಿ ಇದೆ. ಹಾರ ಬಿದ್ದದ್ದೂ ಅದಕ್ಕೇ.

ಅದರ ಹಿಂದೆ ತೇದಿ ಇರಲಿಲ್ಲ. ಚಿತ್ರವೇ ತೇದಿ ಹೇಳಿತು. ನೆಲದ ಮೇಲೆ ಬಿಳಿಯ ಚುಕ್ಕೆಗಳು ಚೆಲ್ಲಿದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಪಾರಿಜಾತ. ಅಂದಮೇಲೆ ಶರದೃತು, ಬೆಳಗಿನ ಹೊತ್ತು. ಗೋಡೆಗೆ ಒರಗಿದ್ದ ಸೈಕಲ್ಲು ಅಪ್ಪ 1973ರಲ್ಲಿ ಕೊಂಡದ್ದು. 1975ರ ಬೇಸಗೆಯಲ್ಲಿ ನಾವು ಆ ಮನೆ ಬಿಟ್ಟೆವು. ಆದುದರಿಂದ 1973 ಅಥವಾ 1974. ಆ ಕ್ಯಾಮೆರಾ ಹಿಡಿದವರು ಏನಿಲ್ಲವೆಂದರೂ ಹತ್ತಡಿ ದೂರ ನಿಲ್ಲಬೇಕಾಗಿತ್ತು. ಅದರಿಂದಾಗಿಯೇ ಮರವೂ ಸೈಕಲ್ಲೂ ಮೆಟ್ಟಿಲೂ ಚಿತ್ರದೊಳಕ್ಕೆ ಬಂದಿದ್ದವು. ಆ ಸಾಲು ಮನೆಗಳನ್ನು ಈಚೆಗೆ ಹೊಸ ಕಟ್ಟಡಗಳಿಗಾಗಿ ಕೆಡವಿದರು. ಆ ಭಾಗದ ಸಾವಿರಾರು ಮರಗಳನ್ನು ಕಡಿಯುವ ಯೋಜನೆಯ ವಿರುದ್ಧ 2018ರಲ್ಲಿ ಜನ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ನಮ್ಮ ಪಾರಿಜಾತ ಈಗ ಇರುವುದು ಆ ಚಿತ್ರದಲ್ಲಿ ಮಾತ್ರ.

ಈ ಅನುಭವದಿಂದ ನಾವು ಕಲಿತ ಕೆಲವು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು, ಹಿಂದಕ್ಕೆ ಸರಿದು ನಿಲ್ಲಿ. ಇಂದು ಕೈಯಲ್ಲಿರುವ ಫೋನು ಮುಖದ ಹತ್ತಿರಕ್ಕೆ ಹೋಗಲು ಆಸೆ ಹುಟ್ಟಿಸುತ್ತದೆ. ಮುಖ ಬೇಕು, ನಿಜ. ಆದರೆ ಅಡಿಗೆಮನೆಯ ಕಟ್ಟೆ, ಬಾಗಿಲ ತೋರಣ, ಬಾಲ್ಕನಿಯ ತುಳಸಿ ಕುಂಡ ಇವೂ ಬೇಕು. ನಾಳೆ ಮಕ್ಕಳು ಹುಡುಕುವುದು ಇವುಗಳನ್ನೇ.

ಎರಡನೆಯದು, ಕೆಲಸ ಮಾಡುವಾಗ ತೆಗೆಯಿರಿ. "ಇಲ್ಲಿ ನೋಡಿ, ನಗಿ" ಎಂದು ಹೇಳಿದೊಡನೆ ನಗು ಓಡಿಹೋಗುತ್ತದೆ. ಅಜ್ಜ ಕನ್ನಡಕ ಒರೆಸುವಾಗ, ಅತ್ತೆ ಹೂ ಕಟ್ಟುವಾಗ, ಗೊಂಬೆ ಕೂರಿಸುವಾಗ, ಗೆಳೆಯರು ಇಸ್ಪೀಟಿಗೆ ಜಗಳವಾಡುವಾಗ ಕಿಟಕಿಯ ಪಕ್ಕದ ಬೆಳಕು ಸಾಕು. ಚಿತ್ರ ತೆಗೆಯುವವರೂ ಆಗಾಗ ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಡಬೇಕು. ನಮ್ಮ ಟ್ರಂಕಿನಲ್ಲಿ ಅಪ್ಪನ ಚಿತ್ರಗಳು ಅಮ್ಮನವಕ್ಕಿಂತಲೂ ಕಡಿಮೆ.

ಮೂರನೆಯದು, ಪ್ರಕೃತಿಯ ಚಿತ್ರಕ್ಕೆ ನೈನಿತಾಲಿಗೋ ಕಾಶ್ಮೀರಕ್ಕೋ ಹೋಗಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ಕಾದು ಕುಳಿತು ಎಷ್ಟೊಂದು ಹಕ್ಕಿಗಳ ಚಿತ್ರ ತೆಗೆದರು! ನಮ್ಮ ಬೀದಿಯ ಒಂದು ಮರವನ್ನು ಆರಿಸಿಕೊಂಡು, ಅದೇ ಜಾಗದಲ್ಲಿ ನಿಂತು, ವಾರಕ್ಕೊಂದು ಚಿತ್ರ ತೆಗೆಯಲು ಮಕ್ಕಳಿಗೆ ಹೇಳಿದೆವು. ಸಪ್ತಪರ್ಣಿಯ ಮೊಗ್ಗು ಯಾವ ವಾರ ಬಿರಿಯುತ್ತದೆಂದು ಈಗ ಅವರು ನಮಗೆ ಹೇಳುತ್ತಾರೆ.

ನಾಲ್ಕನೆಯದೇ ಮುಖ್ಯ. ಮೊದಲು ಚಿತ್ರ ಕಡಿಮೆಯಾಗಿ ಕಳೆದುಕೊಂಡೆವು; ಈಗ ಹೆಚ್ಚಾಗಿ ಕಳೆದುಕೊಳ್ಳುತ್ತಿದ್ದೇವೆ. ಫೋನಿನೊಳಗೆ ಸಾವಿರಾರು ಚಿತ್ರ. ಫೋನು ಕೆಟ್ಟರೆ ಒಂದೂ ಇಲ್ಲ. ವರ್ಷಕ್ಕೆ ಹಳೆಯ ಒಂದು ರೀಲಿನಷ್ಟು, ಹನ್ನೆರಡು ಚಿತ್ರಗಳನ್ನು ಎಲ್ಲರೂ ಕೂಡಿ ಆರಿಸಿ ಮುದ್ರಿಸಿಕೊಳ್ಳಿ. ನಮ್ಮ ಮನೆಯಲ್ಲಿ ಈ ಆಯ್ಕೆ ವಿಜಯದಶಮಿಯ ಸಂಜೆ ನಡೆಯುತ್ತದೆ, ಜಗಳವೂ ಆಗುತ್ತದೆ. ಅಂಟು ಪುಟಗಳ ಆಲ್ಬಮಿಗೆ ಹಾಕಬೇಡಿ, ಆ ಅಂಟು ಕಾಲಕ್ರಮದಲ್ಲಿ ಚಿತ್ರವನ್ನೇ ತಿನ್ನುತ್ತದೆ. ಸಾದಾ ಕಾಗದದ ಪುಟಕ್ಕೆ ಮೂಲೆ ಸಿಕ್ಕಿಸಿ, ಕೆಳಗೆ ಪೆನ್ಸಿಲಿನಿಂದ ಬರೆಯಿರಿ: ಯಾರು, ಎಲ್ಲಿ, ಯಾವ ತೇದಿ, ಯಾವ ಹೂವಿನ ಕಾಲ. ಬಾಲ್‌ಪೆನ್ನಿನಿಂದ ಚಿತ್ರದ ಬೆನ್ನಿಗೆ ಒತ್ತಿ ಬರೆದರೆ ಮುಂಬದಿಯಲ್ಲಿ ಗೀರು ಏಳುತ್ತದೆ.

ಬರೆಯುವುದನ್ನು ಕನ್ನಡದಲ್ಲಿ ಬರೆಯಿರಿ. "ನಮ್ಮ ಮಕ್ಕಳಿಗೆ ಓದಲು ಬಾರದಲ್ಲ" ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲೂ ಬಾರದು. ಅಪ್ಪ ಕೆಲವು ಚಿತ್ರಗಳ ಹಿಂದೆ ಬರೆದಿಟ್ಟಿದ್ದ ಸಾಲುಗಳನ್ನು ನೋಡಿ ಮೊಮ್ಮಗ, "ಇಲ್ಲಿ ಏನು ಬರೆದಿದೆ, ಅಜ್ಜ ಯಾರ ಬಗ್ಗೆ ಬರೆದಿದ್ದಾರೆ?" ಎಂದು ಕೇಳಿದ. ಓದಿ ಹೇಳಿದೆವು. ತನ್ನ ತಂದೆಯ ಹೆಸರು ಎಲ್ಲಿದೆ ತೋರಿಸಿ ಎಂದ. ಅಷ್ಟರಿಂದ ಅವನು ಕನ್ನಡ ಕಲಿತುಬಿಟ್ಟನೆಂದು ಹೇಳುವುದಿಲ್ಲ; ಈಗ ಮನೆಯವರ ಹತ್ತು ಹೆಸರುಗಳನ್ನು ಓದಬಲ್ಲ. ಒತ್ತಾಯ ಮಾಡಿ ಕಲಿಸಿದಾಗ ಅವನು ಅಷ್ಟನ್ನೂ ಕಲಿತಿರಲಿಲ್ಲ.

ಇನ್ನು ಒಂದೇ ಮಾತು, ಮುಗಿಸುತ್ತೇವೆ. ಅಮ್ಮನ ಆ ಚಿತ್ರದಲ್ಲಿ ಇನ್ನೊಂದು ಕೈ ಇದೆ. ಬಲ ಅಂಚಿನಿಂದ ಬಂದು ಮೊರದ ತುದಿಯನ್ನು ಹಿಡಿದಿದೆ. ಹೆಂಗಸಿನ ಕೈ, ಗಾಜಿನ ಬಳೆಗಳ ನಡುವೆ ಒಂದು ಲೋಹದ ಬಳೆ. ಅಮ್ಮ ನಗುತ್ತಿರುವುದು ಆಕೆಯ ಮಾತಿಗೇ. ಹೊಸ ಊರಿನಲ್ಲಿ ಅಮ್ಮನ ಜೊತೆ ಅಕ್ಕಿ ಆರಿಸಲು ಬಂದು ಕೂರುತ್ತಿದ್ದ ಆ ಗೆಳತಿ ಯಾರು? ನೆರೆಮನೆಯ ಪಂಜಾಬಿ ಅಮ್ಮನೆ, ಮೇಲಿನ ಮನೆಯಲ್ಲಿದ್ದ ತಮಿಳರೆ, ಇಲ್ಲ ನಮ್ಮವರೇ ಯಾರಾದರೂ ಇದ್ದರೆ? ಅಪ್ಪ ಈಗ ಇಲ್ಲ. ಅಕ್ಕನಿಗೆ ಆಗ ಐದು ವರ್ಷ, ನೆನಪಿಲ್ಲ. ಅಮ್ಮ ಇದ್ದಾಗ ಆ ಲಕೋಟೆಯನ್ನು ತೆರೆದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ನಾವು ಕೇಳಲಿಲ್ಲ. ಇದೇ ನಮ್ಮ ತಪ್ಪು.

ಆದುದರಿಂದ ಈ ಹಬ್ಬದಲ್ಲಿ ಹೊಸ ಚಿತ್ರ ತೆಗೆಯುವುದಕ್ಕೆ ಮುಂಚೆ ಹಳೆಯ ಟ್ರಂಕನ್ನು ತೆರೆಯಿರಿ. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ತೋರಿಸಿ ಕೇಳಿ, ಬರೆದುಕೊಳ್ಳಿ.

ಆ ಚಿತ್ರದ ದೊಡ್ಡ ಪ್ರತಿಯೊಂದನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. 1973-74ರ ಸುಮಾರಿಗೆ ಸರೋಜಿನಿ ನಗರದಲ್ಲಿ ಇದ್ದವರು, ಅಥವಾ ಅಲ್ಲಿದ್ದವರ ಮಕ್ಕಳು ಈ ಸಭೆಯಲ್ಲಿ ಇದ್ದರೆ, ಊಟಕ್ಕೆ ಹೋಗುವ ಮುನ್ನ ದಯಮಾಡಿ ಒಮ್ಮೆ ಆ ಕೈಯನ್ನು ನೋಡಿ. ಪಕ್ಕದಲ್ಲಿ ಪೆನ್ಸಿಲು ಇದೆ.