ಕಡಲಂಚಿನ ಒಡ್ಡುಗಳೂ ಅವುಗಳ ಲೆಕ್ಕವೂ



ಕಾವ್ಯ, ಶಿಲ್ಪ, ಸಂಗೀತಗಳ ವಿಚಾರವನ್ನು ಕೇಳುವುದಕ್ಕೆ ಕೂಡುವ ಈ ಸಭೆಯ ಮುಂದೆ ಮಣ್ಣಿನ ಒಡ್ಡು, ಉಪ್ಪುನೀರು, ಹೂಳು ಇವುಗಳ ಮಾತನ್ನು ಎತ್ತುವುದಕ್ಕೆ ನಾನು ಸಂಕೋಚಪಡುವುದಿಲ್ಲ. ಒಂದು ಜನಸಮುದಾಯವು ತಾನು ನಿಂತ ನೆಲವನ್ನು ಉಳಿಸಿಕೊಳ್ಳಲು ಕೂಡಿ ಮಾಡುವ ಪ್ರಯತ್ನವೂ, ಆ ಪ್ರಯತ್ನ ಫಲಿಸಿತೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳುವ ವಿವೇಕವೂ ಆ ಜನರ ಸಂಸ್ಕೃತಿಗೇ ಸೇರಿದುವು. ಸಮುದ್ರದ ಮಟ್ಟ ಏರುತ್ತಿರುವ, ಮಳೆಗಾಳಿಗಳ ನಿಯಮ ತಪ್ಪುತ್ತಿರುವ ಈ ಕಾಲದಲ್ಲಿ ಕರಾವಳಿಯ ಗ್ರಾಮಗಳು ಬದಲಾದ ವಾಯುಗುಣಕ್ಕೆ ಹೊಂದಿಕೊಳ್ಳುವುದಕ್ಕೋಸ್ಕರ ಕೈಕೊಳ್ಳುವ ಕಾರ್ಯಗಳ ಮೇಲೆ ನಿಗಾ ಇರಿಸುವುದು ಹೇಗೆ, ಅವುಗಳ ಫಲವನ್ನು ಅಳೆಯತಕ್ಕವರು ಯಾರು, ಎಷ್ಟು ಕಾಲದವರೆಗೆ ಅಳೆಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದಾದರೆ, ನನಗೆ ತಿಳಿದ ಮಟ್ಟಿಗೆ, ಬಂಗಾಳ ಕೊಲ್ಲಿಯ ತಲೆಯ ಮೇಲಿರುವ ಬಾಂಗ್ಲಾದೇಶದ ತೀರಕ್ಕಿಂತ ದೊಡ್ಡ ಪಾಠಶಾಲೆ ಮತ್ತೊಂದಿಲ್ಲ.

ಆ ದೇಶದ ನೈರುತ್ಯ ಭಾಗದಲ್ಲಿ, ಖುಲ್ನಾ, ಜೆಸ್ಸೋರ್, ಸಾತ್‌ಖೀರಾ ಜಿಲ್ಲೆಗಳ ತಗ್ಗು ಪ್ರದೇಶಗಳಲ್ಲಿ, ಗಂಗೆ ಬ್ರಹ್ಮಪುತ್ರೆಗಳು ಹೊತ್ತು ತಂದು ಸಮುದ್ರಕ್ಕೆ ಸುರಿದ ಮಣ್ಣನ್ನು ಉಬ್ಬರದ ನೀರು ಮತ್ತೆ ಒಳನಾಡಿಗೆ ತಂದು ಹರಡುತ್ತದೆ. ನೆಲ ಕುಸಿಯುವಷ್ಟನ್ನು ಹೂಳು ತುಂಬಿಕೊಡುತ್ತದೆ. ಈ ಸತ್ಯವನ್ನು ಬಲ್ಲ ಪೂರ್ವಿಕರು ಜಮೀನ್ದಾರರ ಆಶ್ರಯದಲ್ಲಿ ‘ಅಷ್ಟಮಾಸಿ ಬಾಂಧ’ ಎಂಬ ಮಣ್ಣಿನ ಒಡ್ಡುಗಳನ್ನು ಹಾಕುತ್ತಿದ್ದರು. ಹೆಸರೇ ಹೇಳುವಂತೆ ಎಂಟು ತಿಂಗಳು ಅವು ಉಪ್ಪುನೀರನ್ನು ತಡೆದು ಬೆಳೆಯನ್ನು ಕಾಯುತ್ತಿದ್ದುವು. ಉಳಿದ ನಾಲ್ಕು ತಿಂಗಳು ನೀರಿಗೆ ದಾರಿ ಬಿಟ್ಟು ಹೂಳನ್ನು ಗದ್ದೆಗೆ ಬರಗೊಡುತ್ತಿದ್ದುವು. ಪ್ರತಿವರ್ಷವೂ ಒಡ್ಡನ್ನು ಹೊಸದಾಗಿ ಹಾಕಬೇಕಾಗಿದ್ದುದರಿಂದ ಪ್ರತಿವರ್ಷವೂ ಊರಿನವರು ಕೂಡಿ ನೆಲದ ಎತ್ತರವನ್ನೂ ನೀರಿನ ಬಲವನ್ನೂ ಕಣ್ಣಾರೆ ನೋಡಿ ನಿಶ್ಚಯಿಸಬೇಕಾಗುತ್ತಿತ್ತು. ಆ ವ್ಯವಸ್ಥೆಯೊಳಗೆ ಮೌಲ್ಯಮಾಪನವು ಹೊರಗಿನಿಂದ ಬಂದು ಸೇರುವ ಕೆಲಸವಾಗಿರದೆ, ಕಾಯಕದ ಒಂದು ಅಂಗವೇ ಆಗಿತ್ತು. ಜಮೀನ್ದಾರಿಯಲ್ಲಿ ರೈತನಿಗೆ ಆದ ಶೋಷಣೆಯನ್ನು ನಾನು ಮರೆಯುವವನಲ್ಲ. ಆದರೆ 1950ರ ಕಾನೂನು ಜಮೀನ್ದಾರಿಯನ್ನು ರದ್ದು ಮಾಡಿದಾಗ ಅದರೊಡನೆ ಒಡ್ಡುಗಳ ಪಾಲನೆಯ ಹೊಣೆಯೂ ವಾರಸುದಾರರಿಲ್ಲದೆ ಹೋಯಿತೆಂಬುದನ್ನು ಹೇಳದಿರಲಾರೆ.

ಆ ತೆರವನ್ನು ತುಂಬಿದ್ದು 1960ರ ದಶಕದ ಕರಾವಳಿ ಒಡ್ಡುಗಳ ಯೋಜನೆ. ಅಮೆರಿಕದ ನೆರವಿನಿಂದ, ಹಾಲೆಂಡಿನ ಮಾದರಿಯನ್ನು ಮುಂದಿಟ್ಟುಕೊಂಡು, ನೂರಕ್ಕೂ ಮಿಕ್ಕ ‘ಪೋಲ್ಡರು’ಗಳು, ಎಂದರೆ ಸುತ್ತಲೂ ಶಾಶ್ವತವಾದ ಏರಿಯುಳ್ಳ ಭೂಭಾಗಗಳು, ಸಾವಿರಾರು ಕಿಲೋಮೀಟರುಗಳ ಉದ್ದಕ್ಕೂ ಸಿದ್ಧವಾದುವು. ಮೊದಲ ಹತ್ತು ಹದಿನೈದು ವರ್ಷ ಭತ್ತದ ಬೆಳೆ ಹೆಚ್ಚಿತು. ಆ ಅವಧಿಯಲ್ಲಿ ಬರೆದ ಯಾವ ವರದಿಯೂ ಯೋಜನೆ ಸಫಲವಾಯಿತೆಂದೇ ಹೇಳಬೇಕಾಗಿತ್ತು, ಹಾಗೆ ಹೇಳಿದುದು ಸುಳ್ಳೂ ಅಲ್ಲ. ಆದರೆ ಏರಿಯ ಹೊರಗೆ ಉಳಿದ ಹೂಳು ಗದ್ದೆಗೆ ಬರಲಾರದೆ ನದಿಯ ಪಾತ್ರದಲ್ಲಿಯೇ ತಂಗಿತು. ವರ್ಷ ವರ್ಷಕ್ಕೂ ನದಿಯ ತಳ ಮೇಲಕ್ಕೇರಿತು, ಒಳಗಿನ ನೆಲ ತಗ್ಗಾಯಿತು. 1980ರ ದಶಕ ಬರುವಷ್ಟರಲ್ಲಿ ಮಳೆಯ ನೀರು ಹೊರಗೆ ಹರಿಯುವುದಕ್ಕೆ ದಾರಿಯಿಲ್ಲದೆ ಗದ್ದೆಗಳೂ ಮನೆಯಂಗಳಗಳೂ ವರ್ಷದ ಬಹುಭಾಗ ನೀರಿನಲ್ಲಿ ನಿಂತುವು. ದೋಷವು ಪ್ರಕಟವಾಗುವುದಕ್ಕೆ ಇಪ್ಪತ್ತು ವರ್ಷ ಬೇಕಾಗಿತ್ತು. ಲೆಕ್ಕ ಬರೆಯುವವರು ಅದಕ್ಕಿಂತ ಬಹಳ ಮುಂಚೆಯೇ ಪುಸ್ತಕವನ್ನು ಮುಚ್ಚಿದ್ದರು. ಬಿತ್ತಿದ ವಾರದಲ್ಲಿಯೇ ಗದ್ದೆಗೆ ಹೋಗಿ ಇಳುವರಿಯನ್ನು ಗುಣಿಸುವ ಈ ಅಭ್ಯಾಸವು ಇಂದಿನ ಮೂರು ವರ್ಷದ, ಐದು ವರ್ಷದ ಯೋಜನೆಗಳನ್ನೂ ಬಿಟ್ಟಿಲ್ಲ.

ಮುಂದೆ ನಡೆದುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಖುಲ್ನಾದ ಬೀಲ್ ಡಾಕಾತಿಯಾ ಎಂಬ ತಗ್ಗುನೆಲದ ಸುತ್ತಲಿನ ಜನರು, ಮನವಿಗಳಿಗೆ ಫಲ ಕಾಣದೆ, 1990ರಲ್ಲಿ ತಾವೇ ಕೂಡಿ ಸರ್ಕಾರದ ಏರಿಯನ್ನು ಕಡಿದರು. ಉಬ್ಬರದ ನೀರು ಒಳಗೆ ನುಗ್ಗಿ ಹೂಳನ್ನು ಬಿಟ್ಟು, ಇಳಿತದಲ್ಲಿ ರಭಸದಿಂದ ಹೊರಟು ನದಿಯ ತಳವನ್ನು ತೋಡಿತು. ಅನಂತರ 1997ರ ಅಕ್ಟೋಬರಿನಲ್ಲಿ ಸುಮಾರು 600 ಹೆಕ್ಟೇರಿನ ಬೀಲ್ ಭಾಯ್ನಾದಲ್ಲಿಯೂ ಅದೇ ನಡೆಯಿತು. ಆಗ ಅಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಖುಲ್ನಾ–ಜೆಸ್ಸೋರ್ ಜಲನಿರ್ಗಮನ ಯೋಜನೆ ನಡೆಯುತ್ತಿದ್ದು, ಹೊಸ ತೂಬುಗಳನ್ನು ಕಟ್ಟಬೇಕೆಂಬುದು ತಂತ್ರಜ್ಞರ ಮೊದಲ ಅಭಿಪ್ರಾಯವಾಗಿತ್ತು. ಜನರು ಮಾಡಿದುದನ್ನು ಅಪರಾಧವೆಂದು ತಳ್ಳಿಬಿಡದೆ, ಅದರ ಪರಿಣಾಮವನ್ನು ಅಳೆದು ನೋಡುವ ಔದಾರ್ಯವನ್ನು ಅಲ್ಲಿಯ ಅಧ್ಯಯನಕಾರರು ತೋರಿಸಿದರು. ಇದನ್ನು ನಾನು ಒಂದು ಮಹತ್ತ್ವದ ಘಟನೆಯೆಂದೇ ಎಣಿಸುತ್ತೇನೆ. ಹರಿ ಎಂಬ ನದಿ ಆಳವಾಗಿತ್ತು. ಏರಿಯನ್ನು ಕಡಿದ ಸ್ಥಳದ ಬಳಿ ನೆಲವು ಒಂದೂವರೆ ಮೀಟರಿನಷ್ಟು ಏರಿತ್ತು. ಹೀಗೆ ಗ್ರಾಮಸ್ಥರ ಸಾಹಸವು ‘ಉಬ್ಬರ ನದಿ ನಿರ್ವಹಣೆ’ ಎಂಬ ಶಾಸ್ತ್ರೀಯ ಹೆಸರನ್ನು ಪಡೆದು ರಾಜ್ಯದ ನೀತಿಯೊಳಗೆ ಸ್ಥಾನ ಗಳಿಸಿತು.

ಆದರೆ ಅಳತೆಯು ಇನ್ನೊಂದು ಸತ್ಯವನ್ನೂ ಹೊರಗೆಡಹಿತು. ಹೂಳು ಸಮನಾಗಿ ಹರಡಿರಲಿಲ್ಲ. ಏರಿಯನ್ನು ಕಡಿದ ಬಾಯಿಯ ಬಳಿಯ ಗದ್ದೆಗಳು ಎತ್ತರವಾದುವು, ದೂರದ ಅಂಚಿನವರಿಗೆ ದೊರೆತದ್ದು ಅದರ ಒಂದು ಸಣ್ಣ ಪಾಲು. ಸರಾಸರಿಯ ಅಂಕಿಯನ್ನು ಮಾತ್ರ ನೋಡಿದವನಿಗೆ ಈ ಅಂಚಿನ ರೈತನು ಕಾಣಿಸನು. ಅಲ್ಲದೆ ನೀರು ಒಳಗಿರುವ ವರ್ಷಗಳಲ್ಲಿ ಬೆಳೆಯಿಲ್ಲ. ಆ ನಷ್ಟಕ್ಕೆ ಪರಿಹಾರ ಕೊಡಬೇಕೆಂದು ಗೊತ್ತಾದರೂ, ಭೂಮಿಯ ದಾಖಲೆಗಳನ್ನು ಒದಗಿಸಲಾರದ ಸಣ್ಣ ಹಿಡುವಳಿದಾರನಿಗೂ ಗೇಣಿದಾರನಿಗೂ ಅದು ಕೈಗೆಟುಕುವುದು ದುಸ್ತರವಾಯಿತು. ಅನಂತರ ಇದೇ ಉಪಾಯವನ್ನು ನಡೆಸಿದ ಪೂರ್ವ ಬೀಲ್ ಖುಕ್ಷಿಯಾದಲ್ಲಿ ಈ ಅಸಮಾಧಾನ ಬೆಳೆಯಿತು. ಮುಂದಿನ ಸರದಿಯ ಬೀಲ್ ಕಪಾಲಿಯಾದಲ್ಲಿ 2012ರಲ್ಲಿ ಜನರು ಉಬ್ಬರದ ನೀರನ್ನು ಒಳಬಿಡುವ ಆ ಕಾರ್ಯವನ್ನೇ ಪ್ರತಿಭಟಿಸಿ ತಡೆದರು. ತಾವೇ ಹುಟ್ಟಿಸಿದ ಉಪಾಯವನ್ನು ಅದೇ ಸೀಮೆಯ ಜನರು ಬೇಡವೆಂದರಲ್ಲ ಎಂದು ಆಶ್ಚರ್ಯಪಡುವವರು ಉಂಟು. ನದಿಯ ಆಳವನ್ನು ಅಳೆದಷ್ಟು ಶ್ರದ್ಧೆಯಿಂದ, ಪರಿಹಾರದ ಹಣ ಯಾರ ಮನೆಗೆ ಯಾವಾಗ ಮುಟ್ಟಿತು, ಯಾರ ಮನೆಗೆ ಮುಟ್ಟಲೇ ಇಲ್ಲ ಎಂಬುದನ್ನೂ ವರ್ಷ ವರ್ಷ ಅಳೆದಿದ್ದರೆ ಆ ಆಶ್ಚರ್ಯಕ್ಕೆ ಎಡೆಯಿರುತ್ತಿರಲಿಲ್ಲ.

ಇನ್ನು ಅದೇ ತೀರದ ಚಂಡಮಾರುತಗಳ ವಿಚಾರಕ್ಕೆ ಬರೋಣ. 1970ರ ನವೆಂಬರಿನ ಚಂಡಮಾರುತದಲ್ಲಿ ಮೂರು ಲಕ್ಷಕ್ಕೆ ಕಡಮೆಯಿಲ್ಲದಷ್ಟು ಜನರು ಮಡಿದರು. ಆ ದುರಂತದ ಬೆನ್ನಿಗೆ, 1972ರಲ್ಲಿ, ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಆರಂಭವಾಯಿತು. ಊರೂರಿನ ಸ್ವಯಂಸೇವಕರು ಅಪಾಯ ಹೆಚ್ಚಿದಂತೆ ಧ್ವಜಗಳನ್ನು ಹೆಚ್ಚಿಸಿ, ಧ್ವನಿವರ್ಧಕ ಹಿಡಿದು ಮನೆಮನೆಗೆ ಹೋಗಿ, ಮುದುಕರನ್ನೂ ಮಕ್ಕಳನ್ನೂ ಆಶ್ರಯಸ್ಥಾನಕ್ಕೆ ಕರೆತರುವ ಪದ್ಧತಿ ಅದು. 1991ರಲ್ಲಿ ಸುಮಾರು 1,38,000 ಮಂದಿಯೂ, 2007ರ ಸಿದ್ರ್ ಚಂಡಮಾರುತದಲ್ಲಿ ಮೂರು ನಾಲ್ಕು ಸಾವಿರ ಮಂದಿಯೂ ಮೃತರಾದರು. ಈ ಇಳಿಕೆ ಮಾನವಕುಲದ ಹೆಮ್ಮೆಗೆ ಯೋಗ್ಯವಾದದ್ದು. ಆದರೂ ಇದೆಲ್ಲವೂ ಒಂದೇ ಕಾರ್ಯಕ್ರಮದ ಫಲವೆಂದು ಹೇಳುವ ಮುನ್ನ, ಗಾಳಿ ಬಂದ ಹೊತ್ತಿನಲ್ಲಿ ಉಬ್ಬರವಿತ್ತೇ ಇಳಿತವಿತ್ತೇ, ಅದು ತಾಗಿದ ಸ್ಥಳದಲ್ಲಿ ಸುಂದರಬನದ ಕಾಡಿತ್ತೇ ಬಯಲಿತ್ತೇ, ನಡುವಣ ವರ್ಷಗಳಲ್ಲಿ ಆಶ್ರಯಸ್ಥಾನಗಳೂ ರಸ್ತೆಗಳೂ ಎಷ್ಟಾದುವು ಎಂದು ವಿಚಾರಿಸುವುದು ಮೌಲ್ಯಮಾಪಕನ ಧರ್ಮ.

ಸತ್ತವರ ಒಟ್ಟು ಸಂಖ್ಯೆಯನ್ನು ಒಡೆದು ನೋಡಿದಾಗಲೇ ಉಪಯುಕ್ತವಾದ ತಿಳಿವಳಿಕೆ ಹುಟ್ಟಿತು. 1991ರಲ್ಲಿ ಪ್ರಾಯದ ಹೆಂಗಸರು ಅದೇ ಪ್ರಾಯದ ಗಂಡಸರಿಗಿಂತ ಹಲವು ಪಟ್ಟು ಹೆಚ್ಚಾಗಿ ಮಡಿದಿದ್ದರು. ಎಚ್ಚರಿಕೆಯ ಕೂಗು ಗಂಡಸರು ಸೇರುವ ಸಂತೆ ಬಯಲುಗಳಲ್ಲಿ ನಿಂತುಬಿಡುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ಒಬ್ಬಳೇ ಹೊರಡಲಾರದೆ, ಪರಪುರುಷರು ಕಿಕ್ಕಿರಿದ ಆಶ್ರಯಸ್ಥಾನಕ್ಕೆ ಹೋಗಲು ಹಿಂಜರಿದು, ಮನೆಯಲ್ಲಿಯೇ ಉಳಿದವಳನ್ನು ನೀರು ಕೊಂಡೊಯ್ಯಿತು. ಈ ಅರಿವಿನ ಫಲವಾಗಿ ಇಂದು ಆ ಕಾರ್ಯಕ್ರಮದ ಸುಮಾರು 76,000 ಸ್ವಯಂಸೇವಕರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರೇ ಇದ್ದಾರೆ.

2009ರಲ್ಲಿ ಐಲಾ ಚಂಡಮಾರುತ ಬಂದಿತು. ಬಾಂಗ್ಲಾದೇಶದಲ್ಲಿ ಸತ್ತವರು ಸುಮಾರು 190. ಹಳೆಯ ಮಾನದಿಂದ ನೋಡಿದರೆ ಇದು ಅಲ್ಪ ಹಾನಿ. ಆದರೆ ಏರಿಗಳು ಒಡೆದು ಒಳನುಗ್ಗಿದ ಉಪ್ಪುನೀರು ಕೆಲವೆಡೆ ಎರಡು ವರ್ಷಗಳಷ್ಟು ಕಾಲ ಹೋಗದೆ ನಿಂತು, ಸಹಸ್ರಾರು ಕುಟುಂಬಗಳು ಏರಿಯ ನೆತ್ತಿಯ ಮೇಲೆ ಗುಡಿಸಲು ಹಾಕಿಕೊಂಡು, ಕುಡಿಯುವ ನೀರಿಗೆ ಮೈಲಿಗಟ್ಟಲೆ ಅಲೆದುವು; ಎಷ್ಟೋ ಮಂದಿ ಊರನ್ನೇ ಬಿಟ್ಟರು. ಪ್ರಾಣ ಉಳಿಯಿತು, ಬದುಕು ಉಳಿಯಲಿಲ್ಲ. ಸಾವಿನ ಲೆಕ್ಕವೊಂದನ್ನೇ ನೆಚ್ಚಿದ ವರದಿಗೆ ಇದು ಗೋಚರವಾಗದು. ಅದೇ ಐಲಾ ವಿಜ್ಞಾನಿಗಳಿಗೂ ಒಂದು ಪಾಠ ಕಲಿಸಿತು: ದಾಕೋಪಿನ 32ನೆಯ ಪೋಲ್ಡರಿನ ನೆಲವು ಪಕ್ಕದ ಸುಂದರಬನದ ನೆಲಕ್ಕಿಂತ ಒಂದರಿಂದ ಒಂದೂವರೆ ಮೀಟರು ತಗ್ಗಾಗಿತ್ತೆಂದೂ, ಏರಿ ಒಡೆದ ಮೇಲಿನ ಆ ಎರಡು ವರ್ಷಗಳಲ್ಲಿ ಹತ್ತಾರು ಸೆಂಟಿಮೀಟರು ಹೂಳು ಕೂಡಿತೆಂದೂ 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅರ್ಧ ಶತಮಾನದ ಕಾಲ ಏರಿಯ ಎತ್ತರವನ್ನು ಅಳೆದವರಲ್ಲಿ ಒಳಗಿನ ನೆಲದ ಎತ್ತರವನ್ನು ಅಳೆದವರು ವಿರಳ.

ಇನ್ನು ಸಿಗಡಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಉಪ್ಪು ಹೆಚ್ಚಿದ ನೆಲದಲ್ಲಿ ಭತ್ತವನ್ನು ಬಿಟ್ಟು ಸಿಗಡಿಯನ್ನು ಸಾಕುವುದೂ ಒಂದು ಹೊಂದಾಣಿಕೆಯೆಂದು ಯೋಜನೆಗಳಲ್ಲಿ ಬರೆಯುವುದುಂಟು. ಹೊಂಡದ ಒಡೆಯನ ಆದಾಯ ಏರಿತು, ನಿಜ. ಆದರೆ ನಾಟಿ ಕೊಯಿಲುಗಳ ಕೂಲಿ ಹೋದ ಭೂಹೀನನೂ, ಹಸುವಿಗೆ ಹುಲ್ಲಿಲ್ಲದ ವಿಧವೆಯೂ, ಬಾವಿ ಉಪ್ಪಾದ ನೆರೆಯವನೂ ಆ ಲೆಕ್ಕದ ಹೊರಗುಳಿದರು. ಒಬ್ಬನ ಹೊಂದಾಣಿಕೆ ಮತ್ತೊಬ್ಬನ ಸಂಕಟವಾಗುವುದನ್ನು ಹಿಡಿಯಲಾರದ ಮಾನದಂಡವನ್ನು ನಾನು ಮಾನದಂಡವೆನ್ನಲಾರೆ.

ಇದೆಲ್ಲ ದೂರದ ಕಥೆಯೆಂದು ಯಾರೂ ಭಾವಿಸಬಾರದು. ನಮ್ಮ ಉತ್ತರ ಕನ್ನಡದ ಕುಮಟಾ ಸೀಮೆಯಲ್ಲಿ, ಅಘನಾಶಿನಿಯ ಅಳಿವೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ, ಇದೇ ವಿದ್ಯೆಯನ್ನು ನಮ್ಮವರೂ ಬಲ್ಲವರಾಗಿದ್ದರು. ಊರಿನವರು ಕೂಡಿ ಜೇಡಿಮಣ್ಣಿನ ಒಡ್ಡುಗಳನ್ನು ಹಾಕಿ, ತೂಬಿನ ಬಾಗಿಲುಗಳಿಂದ ನೀರನ್ನು ಬಿಟ್ಟು ಕಟ್ಟಿ, ಮಳೆಗಾಲದಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಗೊಬ್ಬರವಿಲ್ಲದೆಯೇ ಬೆಳೆದು, ತೆನೆಗಳನ್ನಷ್ಟೇ ಕೊಯ್ದು, ಉಳಿದ ಹುಲ್ಲನ್ನು ಮೀನು ಸಿಗಡಿಗಳಿಗೆ ಬಿಡುತ್ತಿದ್ದರು. 1970ರ ದಶಕದಲ್ಲಿ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯ ಕಲ್ಲಿನ ಒಡ್ಡುಗಳು ಬಂದುವು. ವರ್ಷಂಪ್ರತಿ ಕೂಡಿ ದುಡಿಯುವ ಅಗತ್ಯ ಕುಗ್ಗಿತು. ಸಿಗಡಿಯ ಗುತ್ತಿಗೆ ಬಲವಾಯಿತು. ಕಗ್ಗದ ಗದ್ದೆಗಳು ಅನೇಕ ಕಡೆ ಪಾಳುಬಿದ್ದುವು. ಈಗ ಕೆಲವು ಗ್ರಾಮಗಳ ರೈತರು ಕಗ್ಗವನ್ನು ಉಳಿಸಲು ಶ್ರಮಿಸುತ್ತಿದ್ದಾರೆ. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಸಮುದ್ರ ಏರುವ ದಿನಗಳಲ್ಲಿ ಕಗ್ಗದ ಬೆಲೆ ಎಷ್ಟೆಂಬುದನ್ನು ಇಳುವರಿಯ ಕ್ವಿಂಟಾಲುಗಳಿಂದ ಮಾತ್ರ ಗುಣಿಸಿದರೆ ಅದು ಸೋಲುತ್ತದೆ. ಉಪ್ಪುನೀರು ನುಗ್ಗಿದ ವರ್ಷದಲ್ಲಿಯೂ ತೆನೆ ಕೈಗೆ ಬಂದಿತೇ ಎಂಬ ಪ್ರಶ್ನೆಯಿಂದ ಅಳೆದರೆ ಉತ್ತರ ಬೇರೆಯಾಗುತ್ತದೆ. ಕಾಂಡ್ಲಾ, ಎಂದರೆ ಮ್ಯಾಂಗ್ರೋವ್, ಸಸಿಗಳ ವಿಚಾರವೂ ಹಾಗೆಯೇ: ನೆಟ್ಟವು ಎಷ್ಟು ಎಂಬುದು ಎಲ್ಲ ವರದಿಗಳಲ್ಲಿಯೂ ಸಿಕ್ಕುತ್ತದೆ, ಹತ್ತು ವರ್ಷದ ಮೇಲೆ ನಿಂತಿರುವವು ಎಷ್ಟು ಎಂಬುದು ಸಿಕ್ಕುವುದು ಅಪರೂಪ.

ಸಮುದಾಯಾಧಾರಿತ ಹೊಂದಾಣಿಕೆಯ ವಿಚಾರಕ್ಕೆ ಜಗತ್ತಿನ ಗಮನವನ್ನು ಸೆಳೆದವರಲ್ಲಿ, 2023ರಲ್ಲಿ ಗತಿಸಿದ ಢಾಕಾದ ಸಲೀಮುಲ್ ಹಕ್ ಅವರು ಅಗ್ರಗಣ್ಯರು. ಅತ್ಯಂತ ದುರ್ಬಲರೇ ಈ ವಿದ್ಯೆಯಲ್ಲಿ ಗುರುಗಳಾಗಬಲ್ಲರೆಂಬುದು ಅವರ ದೃಢ ನಂಬಿಕೆಯಾಗಿತ್ತು. ಅದನ್ನು ಒಪ್ಪುವುದಾದರೆ, ಏನನ್ನು ಅಳೆಯಬೇಕೆಂಬ ನಿರ್ಣಯದಲ್ಲಿ ಮೊದಲ ಮಾತು ಗ್ರಾಮಸ್ಥರದಾಗಬೇಕು. ಅಳೆದು ಬಂದ ಫಲವು ರಾಜಧಾನಿಗೆ ಹೋಗುವ ಮುಂಚೆ ಆ ಊರಿನ ಸಭೆಯಲ್ಲಿ ಅವರದೇ ಭಾಷೆಯಲ್ಲಿ ಓದಲ್ಪಡಬೇಕು. ತಪ್ಪೆಂದು ಕಂಡುದನ್ನು ನಡುವೆಯೇ ಬದಲಾಯಿಸುವ ಅಧಿಕಾರ ಅವರಿಗಿರಬೇಕು. ತಜ್ಞರು ಬೇಡವೆಂದು ನಾನು ಹೇಳುತ್ತಿಲ್ಲ. ಬೀಲ್ ಭಾಯ್ನಾದಲ್ಲಿ ಏರಿಯನ್ನು ಕಡಿದ ಕೈಗಳೂ ನದಿಯ ಆಳವನ್ನು ಅಳೆದ ಉಪಕರಣಗಳೂ ಕೂಡಿದುದರಿಂದಲೇ ನೀತಿ ಬದಲಾಯಿತು.

ನಮ್ಮಲ್ಲಿ ಇದಕ್ಕೆ ಹೊಸ ಸಂಸ್ಥೆಯನ್ನು ಕಟ್ಟಬೇಕಾದದ್ದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡತಕ್ಕದ್ದು. ಈ ಸಭೆಯಲ್ಲಿ ಕರಾವಳಿಯಲ್ಲಿ ಮನೆಯುಳ್ಳವರೂ ನೆಂಟರುಳ್ಳವರೂ ಇದ್ದೀರಿ. ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮುಂದಿನ ಸಲ ಊರಿಗೆ ಹೋದಾಗ ಪಂಚಾಯತಿಯಲ್ಲಿ ಆ ದಾಖಲಾತಿಯನ್ನು ತೋರಿಸಿರೆಂದು ಕೇಳಿ, ಯಾವ ಬಾವಿಗೆ ಯಾವ ತಿಂಗಳಲ್ಲಿ ಉಪ್ಪು ಬಂದಿತು, ಯಾವ ಒಡ್ಡು ಯಾವ ಮಳೆಯಲ್ಲಿ ಒಡೆಯಿತು, ಅದನ್ನು ಯಾರು ಸರಿಪಡಿಸಿದರು, ಯಾರ ಗದ್ದೆ ಉಳಿಯಿತು, ಯಾರ ಗದ್ದೆ ಪಾಳುಬಿದ್ದಿತು ಎಂಬುದನ್ನು ಊರಿನ ಹಿರಿಯರಿಂದಲೂ ಹೆಂಗಸರಿಂದಲೂ ಕೇಳಿ ಈ ವರ್ಷದಿಂದಲೇ ಅದರಲ್ಲಿ ಬರೆಯಿಸಿ, ಪ್ರತಿವರ್ಷವೂ ತಪ್ಪದೆ ಬರೆಯಿಸಿ.